ಸುಕ್ಕಮ್ಮ ಬಿಟ್ಟುಕೊಟ್ಟ ಐದು ದಿನ

ಬನ್ನಿ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಹತ್ತಿರ ಕುಳಿತುಕೊಳ್ಳಿ. ಇಂದು ನಾನು ಹೇಳಹೊರಟಿರುವುದು ರಾಜ್ಯ ತೊರೆದವರ ಕಥೆಯಲ್ಲ, ಬೆಟ್ಟದ ತುದಿಯಲ್ಲಿ ತಪಸ್ಸು ಮಾಡಿದವರ ಕಥೆಯೂ ಅಲ್ಲ. ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಒಬ್ಬ ಹೆಣ್ಣುಮಗಳ ಕಥೆ. ಎಂಟು ತಿಂಗಳ ಮೊದಲೇ ಕಾಯ್ದಿರಿಸಿದ್ದ ರಜೆಯ ಪ್ರವಾಸ ಆಕೆಗೆ ಕೈತಪ್ಪಿತು. ಅಂಥ ಹೊತ್ತಿನಲ್ಲಿ ನಾನೂ ನೀವೂ ಏನು ಮಾಡುತ್ತೇವೆ? ಹಣೆಬರಹವನ್ನು ಹಳಿಯುತ್ತೇವೆ, ಮನೆಯವರ ಮೇಲೆ ಹರಿಹಾಯುತ್ತೇವೆ, ಕೊನೆಗೆ ಮುಸುಕೆಳೆದು ಮಲಗುತ್ತೇವೆ. ಆಕೆ ಏನು ಮಾಡಿದಳೆಂಬುದನ್ನು ಕಿವಿಗೊಟ್ಟು ಕೇಳಿ.

ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಸುಕ್ಕಮ್ಮ ಎಂದು. ಇದು ಹೆತ್ತವರಿಟ್ಟ ಹೆಸರಲ್ಲ, ಜೊತೆಗಾರ್ತಿಯರು ಕಟ್ಟಿದ ಹೆಸರು. ಬಟ್ಟೆಯಲ್ಲಿ ಕೂದಲೆಳೆಯಷ್ಟು ಸುಕ್ಕು ಕಂಡರೂ ಸಾಕು, ಹಾವು ಕಂಡವಳಂತೆ "ಸುಕ್ಕು! ಸುಕ್ಕು!" ಎಂದು ಕೂಗುತ್ತಿದ್ದಳು. ಬೆನ್ನ ಹಿಂದೆ ಹುಟ್ಟಿದ ಆ ಹೆಸರು ಕ್ರಮೇಣ ಮುಖದೆದುರಿಗೂ ಬಂತು. ಆಕೆ ಬೇಸರಿಸಲಿಲ್ಲ. "ಕೊಳಕಮ್ಮ ಅನ್ನಲಿಲ್ವಲ್ಲ, ಅಷ್ಟೇ ಪುಣ್ಯ" ಎಂದು ನಕ್ಕು ಸುಮ್ಮನಾಗಿದ್ದಳು.

ಮೂರು ಆಸ್ಪತ್ರೆಗಳ ಹಾಸುಬಟ್ಟೆಗಳೆಲ್ಲ ಆ ಲಾಂಡ್ರಿಗೆ ಬರುತ್ತಿದ್ದವು. ಮುಂದಿನ ಅಂಗಳದಲ್ಲಿ ಗಾಡಿ, ಅದರಾಚೆ ಒಗೆಯುವ ಯಂತ್ರಗಳ ಗದ್ದಲ, ಹಿಂಬದಿಯಲ್ಲಿ ಎತ್ತರದ ಕಿಟಕಿಗಳ ಮಡಚುವ ಕೋಣೆ. ಒಣಗಿಸುವ ಯಂತ್ರದಿಂದ ಬಂದ ಬಟ್ಟೆಯ ಬಿಸಿ ಆ ಕೋಣೆಯಲ್ಲಿ ವರ್ಷವಿಡೀ ಆರುತ್ತಿರಲಿಲ್ಲ. ಅಲ್ಲಿ ಕೆಲಸ ನಡೆಯುವುದು ಜೋಡಿಯಾಗಿ. ಇಬ್ಬರು ಎದುರುಬದುರು ನಿಂತು ಹಾಸುಬಟ್ಟೆಯ ನಾಲ್ಕು ಮೂಲೆ ಹಿಡಿಯಬೇಕು, ಒಮ್ಮೆ ಜಗ್ಗಿ ಉದ್ದಕ್ಕೆ ಮಡಚಬೇಕು, ಆಮೇಲೆ ಒಬ್ಬಳು ನಡೆದುಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಸೇರಿಸಬೇಕು. ನಡೆಯುವವಳು ಹಿರಿಯಳು, ನಿಲ್ಲುವವಳು ಕಿರಿಯಳು. ಯಾವಾಗ ನಡೆಯಬೇಕು, ಎಷ್ಟು ಬೇಗ ನಡೆಯಬೇಕು ಎಂಬುದೆಲ್ಲ ನಡೆಯುವವಳ ಮರ್ಜಿ. ನಿಂತವಳು ಹಿಡಿದುಕೊಂಡಿದ್ದರೆ ಸಾಕು. ಯಾರೂ ಬರೆದಿಡದ, ಯಾರೂ ಮೀರದ ಕಟ್ಟಳೆ ಅದು.

ಹನ್ನೊಂದು ವರ್ಷಗಳಿಂದ ಸುಕ್ಕಮ್ಮ ನಡೆಯುವವಳು. ಅವಳೆದುರು ನಿಲ್ಲುತ್ತಿದ್ದವಳು ಮಿತಭಾಷಿಯಾದ ಒಬ್ಬ ತೆಳ್ಳನೆಯ ಹೆಂಗಸು. ಎದುರಿಗೆ ನಿಲ್ಲುವವಳಾದ್ದರಿಂದ ಸುಕ್ಕಮ್ಮ ತಮಾಷೆಗೆ ಅವಳನ್ನು 'ನನ್ನ ಎದುರಾಳಿ' ಎನ್ನುತ್ತಿದ್ದಳು. ಎದುರಾಳಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವಳನ್ನು ಸಾಕಿ ಬೆಳೆಸಿದ ಅಕ್ಕನಿದ್ದಳು. ಆರು ವರ್ಷಗಳ ಹಿಂದೆ ಆ ಅಕ್ಕನ ಸೊಂಟದ ಕೆಳಗಿನ ಶಕ್ತಿಯೆಲ್ಲ ಉಡುಗಿಹೋಗಿ, ಅಂದಿನಿಂದ ಹಾಸಿಗೆಯೇ ಗತಿಯಾಗಿತ್ತು. ಹಗಲು ಪಕ್ಕದ ಮನೆಯವರು ಇಣುಕಿ ನೋಡುತ್ತಿದ್ದರು. ಉಳಿದ ಹೊತ್ತೆಲ್ಲ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒರೆಸುವುದು, ಉಣಿಸುವುದು, ಎಲ್ಲವೂ ತಂಗಿಯ ಪಾಲು. ಆರು ವರ್ಷಗಳಲ್ಲಿ ಆಕೆ ಒಂದು ದಿನವೂ ರಜೆ ಹಾಕಿ ಎಲ್ಲಿಗೂ ಹೋದವಳಲ್ಲ.

ಇನ್ನು ಸುಕ್ಕಮ್ಮನ ಪ್ರವಾಸದ ಮಾತು. ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರು. ಮಕ್ಕಳು ದಡ ಸೇರಿದ ಮೇಲೆ ಗಂಡಹೆಂಡಿರಿಬ್ಬರೂ ಒಂದು ಆಸೆ ಇಟ್ಟುಕೊಂಡರು. ಬೆಟ್ಟಗಳ ನಡುವಿನ ಸರೋವರದ ದಂಡೆಯ ಅತಿಥಿಗೃಹದಲ್ಲಿ ಐದು ದಿನ ಇದ್ದು ಬರಬೇಕು, ಕಿಟಕಿ ತೆರೆದರೆ ನೀರು ಕಾಣಬೇಕು, ಮಾಡಿಟ್ಟ ಊಟ ಉಂಡು, ಹಾಸಿಟ್ಟ ಹಾಸಿಗೆಯಲ್ಲಿ ಮಲಗಬೇಕು. "ಬೇರೆಯವರು ಮಡಚಿದ ಬೆಡ್‌ಶೀಟು ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಕಣ್ರೀ" ಎಂದು ಅವಳು ಹೇಳುತ್ತಿದ್ದಳು. ಹೊರಡುವುದು ಶನಿವಾರವೆಂದು ನಿಶ್ಚಯವಾಗಿತ್ತು. ಲಾಂಡ್ರಿಯಲ್ಲಿ ರಜೆಯೂ ಮಂಜೂರಾಗಿತ್ತು.

ಅದಕ್ಕೆ ಆರು ದಿನ ಮುಂಚೆ, ಭಾನುವಾರ ಬೆಳಗ್ಗೆ, ಪೇಂಟರು ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಲೆಂದು ಅಡುಗೆಮನೆಯ ಸ್ಟೂಲು ಹತ್ತಿದರು. ಇಪ್ಪತ್ತಾರು ವರ್ಷ ನಾಲ್ಕು ಮಹಡಿ ಎತ್ತರದ ಏಣಿಗಳ ಮೇಲೆ ನಿಂತು ಒಂದು ತರಚು ಗಾಯವನ್ನೂ ಕಾಣದ ಮನುಷ್ಯ ಮೊಣಕಾಲೆತ್ತರದ ಸ್ಟೂಲಿನಿಂದ ದೊಪ್ಪನೆ ಬಿದ್ದರು. ಸೂಟ್‌ಕೇಸ್ ಅವರ ಮೇಲೆ ಬಿತ್ತು.

"ಏನ್ರೀ, ಬಿದ್ರಾ?" ಎಂದು ಸುಕ್ಕಮ್ಮ ಓಡಿಬಂದಳು.

"ಇಲ್ಲ, ನೆಲ ಸಮವಾಗಿದೆಯಾ ಅಂತ ನೋಡ್ತಿದೀನಿ! ಕೈ ಕೊಡೇ ಮೊದ್ಲು."

ಆಸ್ಪತ್ರೆಯಲ್ಲಿ ವೈದ್ಯರು ಕಾಲಿಗೆ ಪ್ಲಾಸ್ಟರ್ ಹಾಕುತ್ತ, "ಪೇಂಟರ್ ಅಂತೀರಿ. ಎಷ್ಟನೇ ಮಹಡಿಯಿಂದ ಬಿದ್ರಿ?" ಎಂದು ಕೇಳಿದರು.

"ಮೂರನೇದು ಅಂತ ಬರ್ಕೊಳ್ಳಿ ಡಾಕ್ಟ್ರೇ. ಸ್ಟೂಲು ಅಂತ ಬರೆದ್ರೆ ನಾಳೆಯಿಂದ ನನಗೆ ಯಾರೂ ಕೆಲಸ ಕೊಡಲ್ಲ."

ಆರು ವಾರ ಆ ಕಾಲು ನೆಲ ಮುಟ್ಟುವಂತಿರಲಿಲ್ಲ. ಸರೋವರದ ಆಸೆ ಅಲ್ಲಿಗೆ ನೀರುಪಾಲಾಯಿತು. ಮನೆಗೆ ಬಂದ ಮೇಲೆ ಸುಕ್ಕಮ್ಮ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇದನ್ನು ಮುಚ್ಚಿಟ್ಟು ನಾನು ಅವಳನ್ನು ದೇವತೆ ಮಾಡಲಾರೆ. ಅತ್ತಳು, ಆಮೇಲೆ ಚಹಾ ಮಾಡಿದಳು.

ಸೋಮವಾರ ಬೆಳಗಾಗುತ್ತಲೇ ಅತಿಥಿಗೃಹದ ಮ್ಯಾನೇಜರಿಗೆ ಫೋನ್ ಮಾಡಿದಳು. "ಅಮ್ಮಾ, ಇಷ್ಟು ಹತ್ತಿರ ಬಂದ ಮೇಲೆ ರದ್ದು ಮಾಡೋಕೂ ಆಗಲ್ಲ, ದಿನ ಮುಂದೂಡೋಕೂ ಆಗಲ್ಲ. ಒಂದೇ ದಾರಿ. ನಿಮ್ಮ ಬದಲು ಬೇರೆಯವರು ಬರ್ಬಹುದು. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಹೆಸರು ಹೇಳ್ಬೇಕು. ಆಮೇಲೆ ಕೇಳಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದು ಅವರು ಖಂಡಿತವಾಗಿ ಹೇಳಿದರು.

ಇಂಥ ಸುದ್ದಿಗೆ ರೆಕ್ಕೆ ಇರುತ್ತದೆ. ಅವಳು ಕೆಲಸಕ್ಕೆ ಹೊರಡುವಷ್ಟರಲ್ಲಿ ನಾದಿನಿ ಹಾಜರು. ಅಣ್ಣನ ಕಾಲು ಹೇಗಿದೆಯೆಂದು ಕೇಳಲು ಬಂದವಳು ಪ್ಲಾಸ್ಟರಿನ ಕಡೆ ಒಮ್ಮೆ ಕಣ್ಣಾಡಿಸಿ, "ಅತ್ತಿಗೆ, ಆ ರೂಮಲ್ಲಿ ಮಂಚ ಎರಡೋ ಮೂರೋ?" ಎಂದಳು.

"ಎರಡು. ಯಾಕೆ?"

"ನನ್ನ ಮಗಳು ಅಳಿಯ ಹೋಗ್ಬಹುದಲ್ಲ ಅಂತ. ಸುಮ್ನೆ ಹಾಳಾಗೋ ಬದಲು."

"ಈ ವರ್ಷ ಅವರಿಬ್ಬರೂ ಎರಡು ಸಲ ಹೋಗಿಬಂದ್ರಲ್ಲಮ್ಮ."

"ಮೂರನೇ ಸಲ ಹೋದ್ರೆ ಸರೋವರ ಬತ್ತಿಹೋಗುತ್ತಾ?"

"ಯೋಚಿಸ್ತೀನಿ" ಎಂದಷ್ಟೇ ಹೇಳಿ ಸುಕ್ಕಮ್ಮ ಚಪ್ಪಲಿ ಮೆಟ್ಟಿದಳು.

ಅಂದು ಮಡಚುವ ಕೋಣೆಯಲ್ಲಿ, ಹತ್ತು ಗಂಟೆಯ ಸುಮಾರಿಗೆ, ಭಗವಂತ ಅವಳ ಕಣ್ಣು ತೆರೆಸಿದ. ನಾನು ಹೀಗೆಯೇ ನಂಬಿದ್ದೇನೆ, ನೀವು ಬೇಕಾದರೆ ನಗಿ. ಹಾಸುಬಟ್ಟೆ ಮಡಚುತ್ತ ಎಂದಿನಂತೆ ನಡೆದು ಎದುರಾಳಿಯ ಬಳಿ ಬಂದು ನೋಡಿದರೆ, ಅವಳು ಎರಡು ಮೂಲೆಗಳನ್ನು ಭದ್ರವಾಗಿ ಹಿಡಿದುಕೊಂಡೇ ನಿದ್ರೆಹೋಗಿದ್ದಳು. ಕಾಲು ನಿಂತಿತ್ತು, ಕೈ ಬಿಗಿಯಾಗಿತ್ತು, ಕಣ್ಣು ಮಾತ್ರ ಮುಚ್ಚಿತ್ತು. ಹನ್ನೊಂದು ವರ್ಷ ದಿನಕ್ಕೆ ನೂರಾರು ಸಲ ಆ ಮುಖದವರೆಗೆ ನಡೆದಿದ್ದರೂ ಸುಕ್ಕಮ್ಮ ನೋಡುತ್ತಿದ್ದುದು ಬಟ್ಟೆಯನ್ನು. ಅಂದು ಮೊದಲ ಬಾರಿಗೆ ಮುಖವನ್ನು ನೋಡಿದಳು.

ಆದರೆ ಇಲ್ಲಿಯೇ ಅವಳು ಎಡವಿದ್ದು. ಊಟದ ಬಿಡುವಿನಲ್ಲಿ ನೆಟ್ಟಗೆ ಸೂಪರ್‌ವೈಸರ್ ಮೇಜಿಗೆ ಹೋಗಿ, ಅಲ್ಲಿದ್ದ ಫೋನಿನಿಂದ ಎದುರಾಳಿಯ ಹೆಸರು ಬರೆಸಿದಳು. ಹಾಗೆಯೇ ಬಂದು ಎಲ್ಲರೂ ಬುತ್ತಿ ಬಿಚ್ಚಿ ಕುಳಿತಿದ್ದ ಬೆಂಚಿನ ಮುಂದೆ ನಿಂತು ಸಾರಿದಳು: "ಏ ಎದುರಾಳಿ! ಶನಿವಾರ ನೀನು ಸರೋವರಕ್ಕೆ ಹೋಗ್ತಿದೀಯ. ಹೆಸರು ಬರೆಸಿಬಿಟ್ಟೆ!"

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಎದುರಾಳಿ ಎದ್ದು ನಿಂತಳು. ಅವಳ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಇದರಲ್ಲಿ ಕೇಳೋದೇನಿದೆ? ಹೋಗಿ ಹಾಯಾಗಿ ಇದ್ದು ಬಾ."

"ಮತ್ತೆ ನಮ್ಮಕ್ಕ? ಅವಳನ್ನ ಬೆಡ್‌ಶೀಟ್ ತರ ಮಡಚಿ ಬೀರುವಲ್ಲಿಟ್ಟು ಹೋಗ್ಲಾ?"

ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಎದುರಾಳಿ ಮುಂದುವರಿಸಿದಳು, ಹನ್ನೊಂದು ವರ್ಷಗಳಲ್ಲಿ ಅವಳು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಇಲ್ಲಿ ನೀವು ನಡೀತೀರಿ, ನಾನು ನಿಂತಿರ್ತೀನಿ. ಅದು ಇಲ್ಲಿಗೆ ಸರಿ. ನೀವು ಹೋಗೋಕಾಗಲ್ಲ ಅಂತ ಮಿಕ್ಕಿದ್ದನ್ನ ನನ್ನ ತಟ್ಟೆಗೆ ಸುರಿದು, ಎಲ್ಲರ ಮುಂದೆ ಚಪ್ಪಾಳೆ ಬೇರೆ. ನನ್ನ ಮನೆಯೊಳಕ್ಕೂ ಹೀಗೇ ನಡ್ಕೊಂಡು ಬರ್ಬೇಡಿ." ಬುತ್ತಿ ಮುಚ್ಚಿ ಹೊರಟುಹೋದಳು.

ಸಂಜೆ ಸುಕ್ಕಮ್ಮ ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ತೋಡಿಕೊಂಡಳು. "ಒಳ್ಳೇದು ಮಾಡೋಕೆ ಹೋದ್ರೆ ಹೀಗಾ ಅನ್ನೋದು? ಮುಖಕ್ಕೆ ಹೊಡೆದ ಹಾಗೆ!"

ಪೇಂಟರು ಪ್ಲಾಸ್ಟರಿನೊಳಗೆ ತುರಿಕೆ ತಡೆಯಲಾರದೆ ಒಂದು ಕಡ್ಡಿ ತೂರಿಸುತ್ತಿದ್ದವರು ತಲೆಯೆತ್ತಿದರು. "ನೋಡು, ಇಪ್ಪತ್ತಾರು ವರ್ಷದಲ್ಲಿ ನಾನು ಯಾರ ಮನೆ ಗೋಡೆಗೂ ಕೇಳ್ದೆ ಬಣ್ಣ ಬಳಿದಿಲ್ಲ. ಹಸಿರು ಬೇಕಾ, ಹಳದಿ ಬೇಕಾ, ಇಲ್ಲ ಹೀಗೇ ಇರ್ಲಾ ಅಂತ ಕೇಳ್ತೀನಿ. ನೀನು ಬ್ರಷ್ ತಗೊಂಡು ನುಗ್ಗಿಬಿಟ್ಟೆ."

ಆ ಮಾತು ನಾಟಿತು. ಅಂದಿನ ಪ್ರಾರ್ಥನೆಯಲ್ಲಿ ಅವಳು ದೇವರಲ್ಲಿ ಹೇಳಿಕೊಂಡದ್ದನ್ನು ಮುಂದೊಂದು ದಿನ ಅವಳ ಬಾಯಿಂದಲೇ ಕೇಳಿದ್ದೇನೆ: "ತಂದೆ, ಕೊಡಕ್ಕೆ ಅಂತ ಹೋಗಿ ಹೇರಿಬಿಟ್ಟೆ. ಇಳಿಸೋದು ಹೇಗೆ ಅಂತ ನೀನೇ ಹೇಳ್ಕೊಡು." ಉದ್ದುದ್ದ ಪ್ರಾರ್ಥನೆಗಳನ್ನು ನಾನೂ ಮಾಡಿದ್ದೇನೆ. ಇಷ್ಟು ನೇರವಾದುದನ್ನು ಮಾಡಿದ ನೆನಪಿಲ್ಲ.

ಮಂಗಳವಾರ ಬೆಳಗ್ಗೆ ಅವಳು ಮೊದಲು ಮಾಡಿದ ಕೆಲಸ ಮತ್ತೆ ಫೋನು. "ಸ್ವಾಮಿ, ನಿನ್ನೆ ಬರೆಸಿದ ಹೆಸರು ತೆಗೆದುಬಿಡಿ."

"ಅಮ್ಮಾ, ದಿನಕ್ಕೊಂದು ಹೇಳಿದ್ರೆ ಹೇಗೆ? ಯಾರ ಹೆಸರು ಹಾಕ್ಲಿ ಮತ್ತೆ?"

"ಯಾರದೂ ಬೇಡ. ಆಕೆಗೆ ಬೇಕು ಅನ್ಸಿದ್ರೆ ಆಕೆಯೇ ಫೋನ್ ಮಾಡ್ತಾಳೆ. ಇಲ್ಲಾಂದ್ರೆ ಖಾಲಿ ಇರ್ಲಿ."

ಲಾಂಡ್ರಿಯಲ್ಲಿ ಇಬ್ಬರೂ ಮಾತಿಲ್ಲದೆ ಮೂಲೆ ಹಿಡಿದು ಜಗ್ಗಿದರು. ಉದ್ದಕ್ಕೆ ಮಡಚಿದರು. ಇನ್ನು ಸುಕ್ಕಮ್ಮ ನಡೆಯಬೇಕು. ನಡೆಯಲಿಲ್ಲ. ತನ್ನ ತುದಿ ಹಿಡಿದು ನಿಂತೇ ಇದ್ದಳು. ಎದುರಾಳಿ ಕಾದಳು. ಪಕ್ಕದ ಜೋಡಿಗಳು ಕೈ ನಿಲ್ಲಿಸಿ ನೋಡತೊಡಗಿದವು.

"ನಡೀರಿ" ಎಂದಳು ಎದುರಾಳಿ.

"ಇವತ್ತು ನೀನು ಬಾಮ್ಮ."

ಎದುರಾಳಿ ಸುತ್ತ ನೋಡಿದಳು, ಹಿಂಜರಿದಳು, ಕೊನೆಗೆ ಒಂದೊಂದೇ ಹೆಜ್ಜೆಯಿಟ್ಟು ಬಂದು ತನ್ನ ತುದಿಯನ್ನು ಹಿರಿಯಳ ಕೈಗೆ ಸೇರಿಸಿದಳು. ಆಗ ಸುಕ್ಕಮ್ಮ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ನಿನ್ನೆ ತಪ್ಪಾಯ್ತು. ನಿನ್ನ ಹೆಸರು ತೆಗೆಸಿದೀನಿ. ಈಗ ಕೇಳ್ತೀನಿ, ಬೇಡ ಅಂದ್ರೆ ಬೇಡ. ನನಗೆ ಐದು ದಿನ ರಜೆ ಇದೆ, ಅದನ್ನ ವಾಪಸ್ ಕೊಟ್ಟಿಲ್ಲ. ಮನೇಲಿ ಹೇಗೂ ಒಬ್ಬರು ಕಾಲು ಚಾಚ್ಕೊಂಡು ಮಲಗಿದಾರೆ. ನಿಮ್ಮಕ್ಕನ್ನ ನನ್ನ ಹತ್ರ ಬಿಟ್ಟು ನೀನು ಹೋಗ್ತೀಯಾ?" ಎಂದಳು.

ನೋಡಿದಿರಾ ಬಂಧುಗಳೇ? ಸೋಮವಾರ ಅವಳು ಕೊಡಹೋದದ್ದು ತನಗೆ ಕೈತಪ್ಪಿದ ಕೋಣೆಯನ್ನು, ಮಂಗಳವಾರ ಕೊಟ್ಟದ್ದು ತನ್ನ ಕೈಯಲ್ಲಿ ಉಳಿದಿದ್ದ ದಿನಗಳನ್ನು. ಮೊದಲನೆಯದನ್ನು ಕೊಡುವುದು ಸುಲಭ.

ಎದುರಾಳಿ ಮುಂದಿನ ಹಾಸುಬಟ್ಟೆ ಎತ್ತಿಕೊಂಡಳು. "ಅಕ್ಕನ್ನ ಕೇಳ್ಬೇಕು. ನೀವೂ ನಾಳೆ ಮನೆಗೆ ಬನ್ನಿ. ನೋಡ್ಕೊಳ್ಳೋಕೆ ಬರುತ್ತೋ ಇಲ್ವೋ ನಾನು ನೋಡ್ಬೇಕು" ಎಂದಳು. ಕಿರಿಯಳೊಬ್ಬಳು ತನ್ನನ್ನು ಪರೀಕ್ಷಿಸುವುದೇ ಎಂದು ಸುಕ್ಕಮ್ಮ ಎಣಿಸಲಿಲ್ಲ. "ಬರ್ತೀನಿ" ಎಂದಳು.

ಬುಧವಾರ ಸಂಜೆ ಹೋದಳು. ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪಕ್ಕದ ಮಂಚದ ಮೇಲೆ ಅಕ್ಕ. ದೇಹ ಸೋತಿದ್ದರೂ ಬಾಯಿ ಸೋತಿರಲಿಲ್ಲ.

"ಬನ್ನಿ ಬನ್ನಿ. ಸುಕ್ಕಮ್ಮ ಅಂದ್ರೆ ನೀವೇನಾ? ಮುಖದಲ್ಲಿ ಒಂದೂ ಕಾಣಿಸ್ತಿಲ್ವಲ್ಲ!"

"ನಿಮ್ಮ ತಂಗಿ ಎಲ್ಲಾ ತಿಕ್ಕಿ ತೆಗೆದ್ಳು ಮೊನ್ನೆ" ಎಂದಳು ಸುಕ್ಕಮ್ಮ. ಗೋಡೆಗೊರಗಿ ಕೈಕಟ್ಟಿ ನಿಂತಿದ್ದ ತಂಗಿ ನಗಲಿಲ್ಲ.

ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಸುಕ್ಕಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆಯ ಸೇವೆ ಮಾಡಿದ್ದವಳು. ಸೆರಗು ಸಿಕ್ಕಿಸಿ, ಕೈ ತೊಳೆದು, ಅಕ್ಕನನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದಳು. ಬೆನ್ನಿನ ಕೆಳಗೆ ಅಂಗೈಯಗಲ ಚರ್ಮ ಕೆಂಪಾಗಿ ಹಣ್ಣಾಗಿತ್ತು. ಅದರಡಿ ಹಾಸುಬಟ್ಟೆ ಒಂದೆಡೆ ಮುದುಡಿ ಗೆರೆಯಾಗಿ ನಿಂತಿತ್ತು.

"ಸುಕ್ಕು!" ಎಂದು ಅವಳ ಬಾಯಿಂದ ತಾನಾಗಿ ಹೊರಟಿತು.

ಅಕ್ಕ ಗೋಡೆಯ ಕಡೆ ಮುಖವಿಟ್ಟೇ ಗೊಳ್ಳೆಂದು ನಕ್ಕಳು. ಸುಕ್ಕಮ್ಮ ಮಾತ್ರ ನಗಲಿಲ್ಲ. ಹಳೆಯ ಬಟ್ಟೆಯನ್ನು ಬೆನ್ನಿನುದ್ದಕ್ಕೂ ಸುರುಳಿ ಸುತ್ತಿ, ಹೊಸದನ್ನು ಅದರ ಪಕ್ಕಕ್ಕೆ ಅರ್ಧ ಹಾಸಿ, ಅಕ್ಕನನ್ನು ಈಚೆ ಹೊರಳಿಸಿ, ಆಚೆಯಿಂದ ಒಂದೇ ಸಲಕ್ಕೆ ಜಗ್ಗಿ ನಾಲ್ಕು ಮೂಲೆಯನ್ನೂ ಹಾಸಿಗೆಯಡಿ ಬಿಗಿದಳು. ಆಮೇಲೆ ಅಂಗೈಯನ್ನು ಬೆನ್ನಿನಡಿ ತೂರಿಸಿ, ಕುರುಡರು ಅಕ್ಷರ ಓದುವಂತೆ ಬಟ್ಟೆಯನ್ನೆಲ್ಲ ಸವರಿ ನೋಡಿದಳು. ದೇವರು ಯಾರ ಯಾವ ಗೀಳನ್ನು ಎಲ್ಲಿ ಬಳಸಿಕೊಳ್ಳುತ್ತಾನೋ ಬಲ್ಲವರಾರು!

"ಅಬ್ಬಾ" ಎಂದಳು ಅಕ್ಕ. "ಆರು ವರ್ಷದಲ್ಲಿ ಮೊದಲ್ನೇ ಸಲ ಬೆನ್ನು ಇದೆ ಅನ್ನೋದೇ ಮರೆತುಹೋಯ್ತು." ಮತ್ತೆ ತಂಗಿಯ ಕಡೆ ತಿರುಗಿ, "ನೀನು ಹೊರಡೇ. ನೀನು ನನ್ನನ್ನ ಚೆನ್ನಾಗಿ ನೋಡ್ಕೋತೀಯ, ಇಲ್ಲ ಅನ್ನಲ್ಲ. ಆದ್ರೆ ಆರು ವರ್ಷದಿಂದ ನಿನ್ನ ಮುಖ ಒಂದೇ ನಾನೂ ನೋಡ್ತಿದೀನಲ್ಲ, ನನಗೂ ಸ್ವಲ್ಪ ಬಿಡುವು ಕೊಡು!"

ತಂಗಿ ಹಳೆಯ ಹಾಸುಬಟ್ಟೆಯನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಸುಕ್ಕಮ್ಮ ಒತ್ತಾಯಿಸಲಿಲ್ಲ. ಮನೆಗೆ ಬಂದರೆ ನಾದಿನಿ ಎರಡನೆಯ ಸಲ ಕಾದು ಕುಳಿತಿದ್ದಳು. "ನಾಳೆ ಮಧ್ಯಾಹ್ನ ಮುಗಿದ್ರೆ ಕೋಣೆ ಕೈಬಿಡುತ್ತೆ, ಗೊತ್ತಿದೆಯಾ ಅತ್ತಿಗೆ?"

"ಗೊತ್ತಿದೆ."

"ಇಬ್ಬರು ಇರೋ ಕೋಣೆ, ಒಬ್ಬಳಿಗೆ ಕೊಡ್ತೀಯ, ಅವಳೂ ಒಪ್ಪಿಲ್ಲ. ಇದು ಯಾವ ಸೀಮೆ ಬುದ್ಧಿ?"

"ಕೇಳಿ ಆಗಿದೆ. ಉತ್ತರ ಬರೋಕೆ ಮುಂಚೆ ಇನ್ನೊಬ್ಬರಿಗೆ ಹೇಗಮ್ಮಾ ಕೊಡ್ಲಿ?"

ಗುರುವಾರ ಮಡಚುವ ಕೋಣೆಯ ಗೋಡೆ ಗಡಿಯಾರವನ್ನು ಎಲ್ಲರೂ ಕದ್ದು ಕದ್ದು ನೋಡುತ್ತಿದ್ದರು. ಹನ್ನೊಂದಾಯಿತು. ಹನ್ನೊಂದೂವರೆ. ಸುಕ್ಕಮ್ಮನ ನಾಲಗೆಯ ತುದಿಗೆ ಹತ್ತು ಸಲ ಮಾತು ಬಂತು, ಹತ್ತು ಸಲವೂ ನುಂಗಿದಳು. ಈ ನುಂಗುವಿಕೆಯೇ ಅವಳ ಬದುಕಿನ ದೊಡ್ಡ ಸಾಧನೆಯೆಂದು ಅವಳನ್ನು ಬಲ್ಲ ನಾನು ಧೈರ್ಯವಾಗಿ ಹೇಳಬಲ್ಲೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಎದುರಾಳಿ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಸೂಪರ್‌ವೈಸರ್ ಬಳಿ ಹೋದಳು.

"ಸಾರ್, ನನಗೆ ಐದು ದಿನ ರಜೆ ಬೇಕು. ಒಂದು ಫೋನೂ ಮಾಡ್ಬೇಕು."

"ನಿನ್ನ ರಜೆ ಆರು ವರ್ಷದಿಂದ ಕೊಳೀತಾ ಬಿದ್ದಿದೆಯಮ್ಮ, ತಗೋ. ಆದ್ರೆ ನೀವಿಬ್ಬರೂ ಇಲ್ದಿದ್ರೆ ಮಡಚೋರು ಯಾರು?"

"ನೀವೇ ನಿಂತ್ಕೊಳ್ಳಿ ಸಾರ್! ಹಿಡ್ಕೊಂಡಿರೋದು ಅಷ್ಟೇ ಕೆಲಸ" ಎಂದು ಕೋಣೆಯ ಆ ಮೂಲೆಯಿಂದ ಯಾರೋ ಕೂಗಿದರು. ನಿಜವಾಗಿಯೂ ಆ ಐದು ದಿನ ಸೂಪರ್‌ವೈಸರೇ ನಿಂತರಂತೆ. ಎರಡನೆಯ ದಿನಕ್ಕೆ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಬಂದರಂತೆ.

ಶನಿವಾರ ಬೆಳಗ್ಗೆ ಲಾಂಡ್ರಿಯ ಗಾಡಿ ಎದುರಾಳಿಯ ಮನೆಯ ಮುಂದೆ ನಿಂತಿತು. ನಾಲ್ವರು ಹೆಂಗಸರು ಎರಡು ಪದರ ಮಾಡಿದ ಆಸ್ಪತ್ರೆಯ ಹಾಸುಬಟ್ಟೆಯಲ್ಲಿ ಅಕ್ಕನನ್ನು ಎತ್ತಿ, ಬಟ್ಟೆಗಂಟುಗಳ ನಡುವೆ ಮಲಗಿಸಿದರು. "ಒಗೆಯೋಕೆ ಹಾಕ್ಬೇಡ್ರೇ ನನ್ನ!" ಎಂದು ಅವಳು ದಾರಿಯುದ್ದಕ್ಕೂ ನಗಿಸಿದಳು. ತಂಗಿ ಔಷಧಗಳ ಪಟ್ಟಿಯನ್ನು ಮೂರು ಸಲ ಓದಿ ಹೇಳಿ, ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ನಾಲ್ಕನೆಯ ಸಲ ಕೂಗಿದಳು.

ಸುಕ್ಕಮ್ಮನ ಮನೆಯ ನಡುಮನೆ ಐದು ದಿನ ಆಸ್ಪತ್ರೆಯ ವಾರ್ಡಾಯಿತು. ಆ ಗೋಡೆಯ ಬದಿಗೆ ಪೇಂಟರು, ಈ ಗೋಡೆಯ ಬದಿಗೆ ಅಕ್ಕ. ಮಲಗಿದ ಕೂಡಲೇ ಅಕ್ಕ ಮೇಲೆ ನೋಡಿ, "ಏನ್ರೀ ಪೇಂಟರೇ, ಊರಿಗೆಲ್ಲ ಬಣ್ಣ, ನಿಮ್ಮ ಸೂರಿಗೆ ಮಸಿ!" ಎಂದಳು.

"ನಾನು ಈ ಮನೇಲಿ ಇಷ್ಟು ದಿನ ಅಂಗಾತ ಮಲಗಿದ್ದೇ ಇಲ್ಲ ತಾಯಿ, ನೋಡಿದ್ರೆ ತಾನೇ ಬಳಿಯೋದು!"

"ಇರ್ಲಿ ಬಿಡಿ. ಆರು ವರ್ಷ ಒಂದೇ ಸೂರು ನೋಡಿ ಸಾಕಾಗಿತ್ತು. ಮಸಿಯಾದ್ರೂ ಹೊಸ ಮಸಿ."

ಅಷ್ಟರಿಂದ ಶುರುವಾದ ಮಾತು ಐದು ದಿನ ನಿಲ್ಲಲಿಲ್ಲ. ಪೇಂಟರು ಪತ್ರಿಕೆ ಓದಿ ಹೇಳುವರು, ಅಕ್ಕ ಪ್ರತಿ ಸುದ್ದಿಗೂ ಒಂದು ಕೊಂಕು ನುಡಿಯುವಳು. ಸುಕ್ಕಮ್ಮ ಇಬ್ಬರ ನಡುವೆ ಬಿಸಿನೀರು, ಬಟ್ಟೆ, ಔಷಧ ಹೊತ್ತು ಓಡಾಡಿದಳು. ಮೂರು ಗಂಟೆಗೊಮ್ಮೆ ಮಗ್ಗುಲು, ಪ್ರತಿ ಸಲವೂ ಅಂಗೈಯಿಂದ ಸವರಿ ಪರೀಕ್ಷೆ. ಅವಳ ಸೊಂಟ ನೋಯುತ್ತಿತ್ತು. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ತೊಯ್ದಾಗ ಇಬ್ಬರನ್ನೂ ಸೇರಿಸಿ ಗದರಿಸಿದಳು. ಇಬ್ಬರೂ ಶಾಲೆಯ ಮಕ್ಕಳಂತೆ ಬಾಯಿ ಮುಚ್ಚಿದ್ದು ಎರಡೇ ನಿಮಿಷ.

ಮೂರನೆಯ ದಿನ ಮಧ್ಯಾಹ್ನ ಸರೋವರದಿಂದ ಫೋನ್ ಬಂತು. ಆ ತುದಿಯಲ್ಲಿ ಎದುರಾಳಿ. "ಸುಕ್ಕಮ್ಮ, ನಾನು ಸಂಜೆ ಬಸ್ಸಿಗೆ ಹೊರಡ್ತೀನಿ. ಮನಸ್ಸು ನಿಲ್ತಿಲ್ಲ. ಅಕ್ಕನ ಬೆನ್ನು..."

'ಬರಬೇಡ' ಎಂದು ಸುಕ್ಕಮ್ಮ ಹೇಳಬಹುದಾಗಿತ್ತು, ಹೇಳಲಿಲ್ಲ. ಫೋನನ್ನು ಅಕ್ಕನ ಕಿವಿಗೆ ಹಿಡಿದಳು.

"ಏನೇ?" ಎಂದಳು ಅಕ್ಕ. "ಬೆನ್ನಾ? ಕೆಂಪು ಇಳಿದಿದೆ, ಸುಕ್ಕಮ್ಮ ಕನ್ನಡಿ ಹಿಡಿದು ತೋರಿಸಿದ್ರು. ನೀನು ಬರೋದಾದ್ರೆ ಬಾ, ನಿನ್ನ ಇಷ್ಟ. ಆದ್ರೆ ನಾನು ಮಾತ್ರ ಬುಧವಾರಕ್ಕೆ ಮುಂಚೆ ಇಲ್ಲಿಂದ ಏಳಲ್ಲ. ನನ್ನ ರಜೆ ನಾನು ಯಾಕೆ ಬಿಡ್ಲಿ?"

ಆ ಕಡೆ ನಗುವೋ ಅಳುವೋ ತಿಳಿಯದ ಒಂದು ಸದ್ದು. "ಸರಿ ಅಕ್ಕ" ಎಂದು ಫೋನ್ ಇಟ್ಟಳು.

ಬುಧವಾರ ಸಂಜೆ ಅವಳು ಬಂದಳು. ಮೊದಲು ಅಕ್ಕನ ಬೆನ್ನು ನೋಡಿದಳು, ಆಮೇಲೆ ಚಪ್ಪಲಿ ಬಿಟ್ಟಳು. ಕೆನ್ನೆಯಲ್ಲಿ ಬಣ್ಣ ಬಂದಿತ್ತು.

"ಏನೇನು ನೋಡ್ದೆ? ನೀರು ಹೇಗಿತ್ತು?" ಎಂದು ಸುಕ್ಕಮ್ಮ ಆಸೆಯಿಂದ ಕೇಳಿದಳು.

ಎದುರಾಳಿ ನಾಚಿಕೊಂಡು ಹೇಳಿದಳು: "ಮೊದಲ ಎರಡು ದಿನ ಏನೂ ನೋಡ್ಲಿಲ್ಲ. ಬರೀ ನಿದ್ದೆ ಮಾಡ್ದೆ. ಊಟಕ್ಕೆ ಎಬ್ಬಿಸೋಕೆ ಬಂದೋರು ಹೆದರಿಬಿಟ್ರಂತೆ. ನೀರು ನೋಡಿದ್ದು ಮೂರನೇ ದಿನವೇ."

ಸುಕ್ಕಮ್ಮ ಇಂದಿಗೂ ಆ ಸರೋವರ ಕಂಡಿಲ್ಲ. ಪ್ರತಿಫಲವಾಗಿ ಅವಳಿಗೆ ಬೇರೊಂದು ಪ್ರವಾಸ ಸಿಕ್ಕಿತು, ಅದೃಷ್ಟ ಖುಲಾಯಿಸಿತು ಎಂದು ಹೇಳಿ ನಿಮ್ಮನ್ನು ಮರುಳು ಮಾಡಲಾರೆ. ಸಿಕ್ಕಿದ್ದು ಸೊಂಟನೋವು, ನಾದಿನಿಯ ಮುನಿಸು, ಒಂದು ಜೀವದ ಎರಡು ದಿನಗಳ ಅಖಂಡ ನಿದ್ರೆ, ಇನ್ನೊಂದು ಜೀವದ ಕೆಂಪು ಇಳಿದ ಬೆನ್ನು. ಇಷ್ಟನ್ನೂ ಅವಳು ಲಾಭವೆಂದೇ ಎಣಿಸಿದಳು. ಇದಕ್ಕಿಂತ ಹೆಚ್ಚಿನ ಭಕ್ತಿಯನ್ನು ಯಾವ ಪ್ರವಚನದಿಂದಲೂ ನಾನು ಕಲಿತಿಲ್ಲ.

ಆದ್ದರಿಂದ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲಿ ಒಂದೇ ಒಂದು ಬಿನ್ನಹ. ಎಂದಾದರೂ ನೀವು ಕಾಯ್ದಿರಿಸಿದ ಪ್ರಯಾಣ ನಿಂತುಹೋದರೆ, ಅಳಬೇಕಾದಷ್ಟು ಅತ್ತುಬಿಡಿ. ಆಮೇಲೆ ಮುಖ ತೊಳೆದು, ನಿಮ್ಮ ಸುತ್ತ ವರ್ಷಗಟ್ಟಲೆ ಬಿಡುವು ಕಾಣದ ಒಬ್ಬರನ್ನು ಹುಡುಕಿ. ಅವರ ಪರವಾಗಿ ನೀವೇ ತೀರ್ಮಾನಿಸಬೇಡಿ. ಬಳಿಸಾರಿ, ತಗ್ಗಿದ ದನಿಯಲ್ಲಿ, ಅವರಿಗೆ ಬೇಕೇ ಎಂದು ಕೇಳಿ. ಅವರು ಹೊತ್ತಿರುವ ಹೊರೆಯನ್ನು ಅಷ್ಟು ದಿನ ನೀವು ಹೊರುವಿರೆಂದೂ ಜೊತೆಯಲ್ಲೇ ಹೇಳಿ. ಅವರು ಉತ್ತರ ಕೊಡುವ ತನಕ ದಯಮಾಡಿ ಸುಮ್ಮನೆ ಕಾಯಿರಿ.